ಎಡಗಡೆಯ ಪುಟಗಳು

ಜೂನ್ 9, ಸೋಮವಾರ

ಶಾಲೆಯಿಂದ ಸುತ್ತೋಲೆ ಬಂದಿದೆ. ಮೂರನೇ ತರಗತಿಗೆ ಈ ವರ್ಷ ವಿಜ್ಞಾನದ ಪರೀಕ್ಷೆ ಇಲ್ಲವಂತೆ, ಅದರ ಬದಲು ‘ಇಂಟರಾಕ್ಟಿವ್ ನೋಟ್‌ಬುಕ್’ ಅಂತೆ. ಬೇಕಾದ ಸಾಮಾನಿನ ಪಟ್ಟಿ ಸುತ್ತೋಲೆಗಿಂತ ಉದ್ದ. ಗಟ್ಟಿ ರಟ್ಟಿನ, ಗೆರೆಯಿಲ್ಲದ ಇನ್ನೂರು ಪುಟದ ಪುಸ್ತಕ, ಗ್ಲೂ ಸ್ಟಿಕ್ ಎರಡು, ಮೊಂಡು ತುದಿಯ ಕತ್ತರಿ, ಐದು ಬಣ್ಣದ ಕಾಗದ, ‘ಮನೆಯಲ್ಲಿರುವ ಹಳೆಯ ಲಕೋಟೆಗಳು ಹತ್ತು’. ಹಳೆಯ ಲಕೋಟೆ ಈಗ ಯಾರ ಮನೆಯಲ್ಲಿದೆ? ಕಾಗದ ಬರೆಯುವವರು ಉಳಿದಿದ್ದಾರೆಯೆ? ಐದು ತಿಂಗಳ ಕೂಸನ್ನು ಎದೆಗೆ ಕಟ್ಟಿಕೊಂಡು ಮೂರು ಅಂಗಡಿ ಅಲೆದು ಹೊಸ ಲಕೋಟೆ ಕೊಂಡೆ. ಮನೆಗೆ ಬಂದು, ಹಳೆಯದರಂತೆ ಕಾಣಲಿ ಅಂತ ಒಂದೊಂದನ್ನೂ ಮುದುರಿ ಬಿಡಿಸಿಟ್ಟೆ. ಡಿಗ್ರಿ ಮಾಡಿದ್ದು ಇದಕ್ಕೆ.

ಇವರಿಗೆ ಸುತ್ತೋಲೆ ಓದಿ ಹೇಳಿದೆ. “ಒಳ್ಳೇದೇ ಆಯ್ತಲ್ಲ, ಪರೀಕ್ಷೆ ಇಲ್ಲ,” ಅಂದರು.

“ಕತ್ತರಿಸೋರು ಯಾರು, ಅಂಟಿಸೋರು ಯಾರು?”

“ಇವಳು,” ಅಂತ ದೊಡ್ಡವಳ ಕಡೆ ಗಲ್ಲ ತೋರಿಸಿದರು. ದೊಡ್ಡವಳಿಗೆ ಎಂಟು ವರ್ಷ. ಇವತ್ತಿಗೂ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಹೊರಡುತ್ತಾಳೆ.

ಕೂಸಿಗೆ ಲಸಿಕೆ ಹಾಕುವ ನರ್ಸಮ್ಮ, ನಿದ್ದೆ ಬರದಿದ್ದರೆ ತಲೆಯಲ್ಲಿ ಓಡುವುದನ್ನೆಲ್ಲ ಬರೆದಿಡಿ, ಹಗುರಾಗುತ್ತೆ ಅಂದಿದ್ದರು. ಹಾಗಾಗಿ ಇದು. ಕೂಸು ಮಲಗಿದಾಗ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಕೂಸು ಮಲಗಿದಾಗ ನೀನೂ ಮಲಗು ಅನ್ನುತ್ತಾರೆ ಎಲ್ಲರೂ. ಹಾಗಂದವರಲ್ಲಿ ಒಬ್ಬರೂ ಬಂದು ಪಾತ್ರೆ ತೊಳೆದುಕೊಟ್ಟಿಲ್ಲ.

ಜೂನ್ 13, ಶುಕ್ರವಾರ

ತಾಯಂದಿರನ್ನೆಲ್ಲ ಶಾಲೆಗೆ ಕರೆದು ಪುಸ್ತಕದ ವಿಧಾನ ವಿವರಿಸಿದರು. ‘ಪೋಷಕರು’ ಅಂತ ಬರೆದು ಕರೆದದ್ದು. ಬಂದ ಗಂಡಸರು ಇಬ್ಬರು, ಅದರಲ್ಲಿ ಒಬ್ಬರು ವ್ಯಾನ್ ಡ್ರೈವರ್. ನಮ್ಮನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿದರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

ವಿಜ್ಞಾನದ ಮಿಸ್ ಚಿಕ್ಕ ವಯಸ್ಸಿನವರು, ಕೈಯೆಲ್ಲ ಸೀಮೆಸುಣ್ಣ. ಮಕ್ಕಳೇ ಪುಟಕ್ಕೆಲ್ಲ ನಂಬರ್ ಹಾಕಬೇಕು. ಮೊದಲ ನಾಲ್ಕು ಪುಟ ವಿಷಯಸೂಚಿಗೆ ಬಿಡಬೇಕು. ಕೊನೆಯಲ್ಲಿ ಒಂದು ಲಕೋಟೆ ಅಂಟಿಸಬೇಕು, ಅರ್ಧ ಮುಗಿದ ತುಂಡುಗಳಿಗೆ. “ಬಲಗಡೆಯ ಪುಟ ನನ್ನದು,” ಅಂದರು, “ನಾನು ಹೇಳಿಕೊಟ್ಟ ಪಾಠ ಅಲ್ಲಿ ಬರುತ್ತೆ. ಎಡಗಡೆಯ ಪುಟ ಮಗುವಿನದು. ಪಾಠ ಕೇಳಿ ಅದಕ್ಕೆ ಏನು ಅನ್ನಿಸ್ತು, ಏನು ಮಾಡಿ ನೋಡ್ತು, ಬರೀಲಿ, ಗೀಚಲಿ, ಅಂಟಿಸಲಿ. ಎಡಗಡೆಯಲ್ಲಿ ತಪ್ಪು ಅನ್ನೋದೇ ಇಲ್ಲ. ಪ್ರತಿ ಶುಕ್ರವಾರ ಪುಸ್ತಕ ಮನೆಗೆ ಬರುತ್ತೆ, ಸೋಮವಾರ ವಾಪಸ್ಸು.”

ಒಬ್ಬಾಕೆ ಕೈಯೆತ್ತಿದಳು. ಕಳೆದ ವರ್ಷದ ಪ್ರದರ್ಶನಕ್ಕೆ ಮಗಳ ಕೈಲಿ, ಅಂದರೆ ತನ್ನ ಕೈಲಿ, ಗ್ಲಿಟರ್ ಸುರಿದ ಸೌರಮಂಡಲ ಮಾಡಿಸಿದವಳು. ಅವತ್ತಿನಿಂದ ನನ್ನ ಮಟ್ಟಿಗೆ ಅವಳು ಗ್ಲಿಟರಮ್ಮ. “ಮಿಸ್, ಎಡಗಡೆಗೆ ಅಂಕ ಎಷ್ಟು?”

“ಅರವತ್ತು.”

ಇಡೀ ಕೋಣೆಯಲ್ಲಿ ಪೆನ್ನು ತೆಗೆಯುವ ಸದ್ದು. ತಪ್ಪೇ ಇಲ್ಲದ ಪುಟಕ್ಕೆ ಅರವತ್ತು ಅಂಕ ಹೇಗೆ ಹಾಕುತ್ತಾರೆ, ಯಾವ ಲೆಕ್ಕದಲ್ಲಿ ಕಡಿಮೆ ಮಾಡುತ್ತಾರೆ, ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೂಸು ಅಳಲು ಶುರು ಮಾಡಿತ್ತು, ಎಲ್ಲರೂ ತಿರುಗಿ ನೋಡುತ್ತಿದ್ದರು. ಮಕ್ಕಳ ಶಾಲೆಯಲ್ಲಿ ಮಗು ಅತ್ತರೆ ಅಷ್ಟು ಆಶ್ಚರ್ಯವೆ?

ಜೂನ್ 14, ಶನಿವಾರ

ಮೊದಲ ಪಾಠ ನೆರಳು. ಬಲಗಡೆಯ ಪುಟ ಚೆನ್ನಾಗಿಯೇ ಇದೆ: ಸೂರ್ಯ, ಮರ, ಬೆಳಿಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ. ದೊಡ್ಡವಳ ಎಡಗಡೆಯ ಪುಟ ನೋಡಿ ನನಗೆ ತಲೆ ತಿರುಗಿತು. ಮಧ್ಯೆ ಒಂದು ಕಾಲು. ಬೆರಳು ಆರು. ಪಕ್ಕದಲ್ಲಿ ಸೊಟ್ಟ ಅಕ್ಷರದಲ್ಲಿ: ‘ನೆರಳಿಗೆ ದಪ್ಪ ಇಲ್ಲ. ನಾನು ತುಳಿದು ನೋಡಿದೆ. ತಣ್ಣಗೆ ಇದೆ ಆದರೆ ದಪ್ಪ ಇಲ್ಲ.’ ಉಳಿದ ಜಾಗದಲ್ಲೆಲ್ಲ ರಬ್ಬರಿನಿಂದ ಉಜ್ಜಿ ಉಜ್ಜಿ ಬೂದಿ ಬಣ್ಣ.

ಅದೇ ಹೊತ್ತಿಗೆ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಗ್ಲಿಟರಮ್ಮನ ಮಗಳ ಪುಟದ ಫೋಟೋ ಬಂತು. ಎಳೆದರೆ ಉದ್ದವಾಗುವ ಮಡಿಕೆ ನೆರಳು, ತಿರುಗುವ ಸೂರ್ಯ. ಕೆಳಗೆ, ‘ಎಲ್ಲ ಅವಳೇ ಮಾಡಿದ್ದು, ನಾನು ಕತ್ತರಿ ಹಿಡಿದೆ ಅಷ್ಟೆ.’ ಮೈ ಉರಿಯಿತು. ಎಂಟು ವರ್ಷದ ಮಗು ಮಧ್ಯಕ್ಕೆ ಹಿತ್ತಾಳೆ ಪಿನ್ನು ಹಾಕಿ ಸೂರ್ಯನನ್ನು ತಿರುಗಿಸಿದಳಂತೆ. ಕೇಳುವವರಿಗೆ ಕಿವಿ ಇಲ್ಲವೆ?

ಶನಿವಾರ ಬೆಳಿಗ್ಗೆ ಇವರು ದೊಡ್ಡವಳನ್ನು ಈಜಲು ಕರೆದುಕೊಂಡು ಹೋಗುತ್ತಾರೆ. ಕೂಸು ಮಲಗಿತ್ತು. ಪುಟದ ಅಳತೆಗೆ ಬಿಳಿ ಕಾಗದ ಕತ್ತರಿಸಿ, ಸ್ಕೇಲ್ ಇಟ್ಟು ಗೆರೆ ಎಳೆದು, ಮರ ಬರೆದು, ಬೆಳಿಗ್ಗೆ ಮಧ್ಯಾಹ್ನ ಸಂಜೆಗೆ ಮೂರು ಮುಚ್ಚಳ ಮಾಡಿ ಅವಳ ಪುಟದ ಮೇಲೆ ನೀಟಾಗಿ ಅಂಟಿಸಿದೆ. ಅಕ್ಷರ ಬೇಕಂತಲೇ ಸ್ವಲ್ಪ ಸೊಟ್ಟಗೆ ಬರೆದೆ. ಇದೇನೂ ಮೋಸವಲ್ಲ. ತಿದ್ದಿದ್ದು. ಕಾಲೇಜಿನಲ್ಲಿ ನನ್ನ ಕೆಮಿಸ್ಟ್ರಿ ರೆಕಾರ್ಡ್ ಪುಸ್ತಕ ಇಡೀ ಹಾಸ್ಟೆಲ್ ಸುತ್ತುತ್ತಿತ್ತು. ಪ್ರಯೋಗ ಯಾರಿಗೂ ಸರಿ ಬರುತ್ತಿರಲಿಲ್ಲ. ಉತ್ತರ ನೋಡಿಕೊಂಡು ಹಿಂದಿನಿಂದ ರೀಡಿಂಗ್ ಬರೆಯುವುದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡವಳು ಒದ್ದೆ ತಲೆಯಲ್ಲಿ ಬಂದು ಪುಟ ತೆರೆದು ನೋಡಿದಳು. ಮುಚ್ಚಳ ತೆಗೆದಳು, ಮುಚ್ಚಿದಳು. ಕಾಗದದ ಮೇಲೆ ಬೆರಳಾಡಿಸಿದಳು. “ಚೆನ್ನಾಗಿದೆ,” ಅಂದು ಹೊರಗೆ ಹೋದಳು. ಖುಷಿಯಾಗಿರಬೇಕು.

ಜೂನ್ 23, ಸೋಮವಾರ

ತಿದ್ದಲಿಕ್ಕೆ ಅಂತ ಶುಕ್ರವಾರ ಶಾಲೆಯಲ್ಲೇ ಉಳಿದಿದ್ದ ಪುಸ್ತಕ ಇವತ್ತು ಬಂತು. ಮೂರು ನಕ್ಷತ್ರ. ‘ಬಹಳ ಅಂದವಾಗಿದೆ’ ಅಂತ ಕೆಂಪು ಶಾಯಿಯಲ್ಲಿ. ಗ್ಲಿಟರಮ್ಮನ ಮಗಳಿಗೂ ಮೂರೇ.

ಜೂನ್ 29, ಭಾನುವಾರ

ಈ ಸಲದ ಪಾಠ, ನೀರು ಆವಿಯಾಗುವುದು. ಇವಳು ಏನು ಮಾಡಿದ್ದಾಳೆ ಅಂತ ಬರೆಯಲಿಕ್ಕೂ ನಾಚಿಕೆ. ನಮ್ಮ ಬಾಲ್ಕನಿಯ ಬಟ್ಟೆ ತಂತಿ. ಅದರ ಮೇಲೆ ಕೂಸಿನ ಲಂಗೋಟಿಗಳು, ಒಂದೊಂದರ ಕೆಳಗೂ ಎಷ್ಟು ಗಂಟೆಗೆ ಹಾಕಿದ್ದು, ಎಷ್ಟಕ್ಕೆ ಒಣಗಿದ್ದು. ತೆಳ್ಳಗಿನದು ಒಂದೂವರೆ ಗಂಟೆ. ದಪ್ಪನೆಯದು ನಾಲ್ಕು. ಅಪ್ಪನ ಟವೆಲ್ಲು ‘ಇನ್ನೂ ಒಣಗಿಲ್ಲ, ನಾನು ಮಲಗಿಬಿಟ್ಟೆ’. ಕೊನೆಗೆ: ‘ಎಲ್ಲದರ ನೀರೂ ಒಂದೇ ಕಡೆ ಹೋಯಿತಾ? ಹಾಗಾದರೆ ಮೋಡದಲ್ಲಿ ತಮ್ಮನ ಸುಸ್ಸು ಇದೆಯಾ?’

ಇದನ್ನು ಇಡೀ ಶಾಲೆ ನೋಡಬೇಕು. ಆ ಮನೆಯಲ್ಲಿ ಬರೀ ಲಂಗೋಟಿ ತೂಗಾಡುತ್ತೆ ಅಂತ ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ನಗಬೇಕು.

ನೀಲಿ ಕಾಗದದಲ್ಲಿ ಸಮುದ್ರ, ಹತ್ತಿಯ ಮೋಡ, ಬಾಣಗಳು. ಎರಡೂಕಾಲು ಗಂಟೆ ಹಿಡಿಯಿತು. ಅರ್ಧದಲ್ಲಿ ಕೂಸು ಎದ್ದು ಹತ್ತಿಯನ್ನು ಬಾಯಿಗೆ ಹಾಕಿಕೊಂಡಿತು, ಬೆರಳು ಹಾಕಿ ತೆಗೆದೆ. ಇದಕ್ಕೆಲ್ಲ ಕಾರಣ ಆ ಶಾಲೆ. ಮನೆಯಲ್ಲಿ ಎಳೆಗೂಸು ಇರುವವರ ಮೇಲೆ ಇಂಥ ಹೊರೆ ಹೇರುವವರನ್ನು ಏನನ್ನಬೇಕು?

ಇವರು ಬಂದು ಮೇಜು ನೋಡಿದರು. “ಶಾಲೆಗೆ ಹೋಗ್ತಿರೋದು ಅವಳಾ, ನೀನಾ?”

“ನೀವು ಕೂತ್ಕೊಂಡು ಮಾಡಿಸಿ ಹಾಗಾದ್ರೆ.”

“ಮಾಡಿಸೋದು ಏನಿದೆ? ಅವಳು ಮಾಡಿ ಮುಗಿಸಿದ್ದಾಳಲ್ಲ ನಿನ್ನೇನೇ. ಗಡಿಯಾರ ನೋಡೋಕೆ ನನ್ನ ಹತ್ರ ಹತ್ತು ಸಲ ಬಂದ್ಲು.”

ಮಗಳು ಹತ್ತು ಸಲ ಬಂದದ್ದನ್ನು ಎಣಿಸಿದ್ದಾರೆ, ಹೆಂಡತಿ ಐದು ತಿಂಗಳಿಂದ ಒಂದು ಸಲವೂ ಸರಿಯಾಗಿ ಮಲಗಿಲ್ಲ, ಅದನ್ನು ಎಣಿಸಿಲ್ಲ.

ಜುಲೈ 5, ಶನಿವಾರ

ಯಾವ ಪ್ರಾಣಿ ಎಷ್ಟು ಹೊತ್ತು ನಿದ್ದೆ ಮಾಡುತ್ತದೆ ಅನ್ನುವುದು ಈ ವಾರದ ಪಾಠ. ಬಾವಲಿ ತುಂಬಾ, ಜಿರಾಫೆ ತೀರಾ ಕಡಿಮೆ. ಇವಳು ಎಡಗಡೆ ನಮ್ಮ ಮನೆಯನ್ನು ಇಳಿಸಿದ್ದಾಳೆ. ತಮ್ಮ ಹದಿಮೂರು ಗಂಟೆ, ‘ಆದರೆ ತುಂಡು ತುಂಡು’. ಅಪ್ಪ ಏಳು ಗಂಟೆ, ‘ಒಂದೇ ತುಂಡು’. ‘ನಾನು ಒಂಬತ್ತು’. ಅಮ್ಮ: ‘ಗೊತ್ತಿಲ್ಲ. ನಾನು ಎಷ್ಟು ಸಲ ಎದ್ದು ನೋಡಿದರೂ ಅಮ್ಮ ಎದ್ದಿರುತ್ತಾಳೆ. ಅಮ್ಮ ಜಿರಾಫೆ ಇರಬಹುದು.’ ಪಕ್ಕದಲ್ಲಿ ಉದ್ದ ಕತ್ತಿನ ನಾನು. ಕಣ್ಣ ಕೆಳಗೆ ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಕಪ್ಪು.

ಮನೆಯ ಗುಟ್ಟನ್ನು ಶಾಲೆಗೆ ಸಾರುವುದಕ್ಕೆ ಅರವತ್ತು ಅಂಕ. ನಾಳೆ ಮಿಸ್ ಕರೆದು, ಏನಮ್ಮಾ, ಮನೆಯಲ್ಲಿ ಎಲ್ಲ ಸರಿ ಇದೆಯಾ ಅಂತ ಕೇಳಿದರೆ ಏನು ಹೇಳಲಿ? ಕೂಸಿನ ಉಸಿರು ನಿಂತುಬಿಟ್ಟರೆ ಅಂತ ನೋಡುತ್ತಾ ಕೂತಿರುತ್ತೇನೆ ಅನ್ನಲೆ?

ಎರಡು ಕಡೆಗೂ ಗೋಂದು ಹಚ್ಚಿ ಅಂಟಿಸಿದೆ. ಮೂಲೆ ಮೂಲೆಗೂ.

ಜುಲೈ 11, ಶುಕ್ರವಾರ

ಎಡಗಡೆಯ ಪುಟ ಖಾಲಿ. ನಂಬರ್ ಮಾತ್ರ ಇದೆ, 24.

“ಯಾಕೆ ಏನೂ ಬರ್ದಿಲ್ಲ?”

“ನೀನೇ ಬರಿ.”

“ನಾನ್ಯಾಕೆ ಬರೀಲಿ, ನಿನ್ನ ಪುಸ್ತಕ.”

ಅವಳು ಯೋಚನೆ ಮಾಡಿದಳು. “ಈಗಲೇ ಬರೆದ್ರೆ ಒಂದೇ ಕಾಗದ ಸಾಕು,” ಅಂದಳು. ಎದುರುತ್ತರವಲ್ಲ, ನನಗೆ ಉಪಕಾರ ಮಾಡುವವಳ ಹಾಗೆ.

ಸೋಮಾರಿತನ. ಶಾಲೆಯವರು ಮಕ್ಕಳನ್ನು ಹೇಗೆ ಕೆಡಿಸುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೇರುಗಳ ಬಗ್ಗೆ ನಾನೇ ಒಂದು ಲಕೋಟೆ ಮಾಡಿ, ಒಳಗೆ ಐದು ಚೀಟಿ ಇಟ್ಟೆ.

ಜುಲೈ 16, ಬುಧವಾರ

ಮಿಸ್ ಪತ್ರ ಕಳಿಸಿದ್ದಾರೆ. ಅಂಟಿಸಿದ ಲಕೋಟೆಯಲ್ಲಿ.

‘ನಿಮ್ಮ ಮಗಳು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ತರಗತಿಯಲ್ಲಿ ವಿವರಿಸಲು ಆಗುತ್ತಿಲ್ಲ. ತಾನೇ ಮಾಡಿದ ಚಿತ್ರದ ಬಗ್ಗೆ ಕೇಳಿದರೂ ಸುಮ್ಮನೆ ನಿಲ್ಲುತ್ತಾಳೆ. ಓದಿದ್ದು ಅರ್ಥವಾಗದೆ ಬಾಯಿಪಾಠದಿಂದ ಬರೆಯುತ್ತಿರಬಹುದೆಂಬ ಸಂದೇಹವಿದೆ. ಮುಂದಿನ ತಿಂಗಳಿನಿಂದ ನೆರವಿನ ತರಗತಿಗೆ ಸೇರಿಸುವುದು ಸೂಕ್ತ. ಸೋಮವಾರ ಬಂದು ಮಾತಾಡಿ.’

ನೆರವಿನ ತರಗತಿ ನನಗೆ ಗೊತ್ತು. ಮೆಟ್ಟಿಲ ಕೆಳಗಿನ ಕೋಣೆ. ವಾರಕ್ಕೆ ಮೂರು ಪೀರಿಯಡ್, ಆಟ ಮತ್ತು ಚಿತ್ರಕಲೆ ತಪ್ಪಿಸಿ. ಒಂದು ಸಲ ಹೆಸರು ಬರೆದರೆ ವರ್ಷ ಮುಗಿಯುವ ತನಕ ಹೊರಗೆ ಬರುವಂತಿಲ್ಲ, ದಾಖಲೆ ಪುಸ್ತಕದಲ್ಲೂ ಸೇರುತ್ತದೆ. ಉಳಿದ ಮಕ್ಕಳು ಅದಕ್ಕೆ ‘ಗೋಡೌನ್’ ಅನ್ನುತ್ತಾರೆ, ಇವಳೇ ಒಮ್ಮೆ ನಗುತ್ತಾ ಹೇಳಿದ್ದಳು.

ನನ್ನ ಮಗಳಿಗೆ ಅರ್ಥವಾಗುವುದಿಲ್ಲವಂತೆ. ನನ್ನ ಮಗಳಿಗೆ.

ಜುಲೈ 17, ಗುರುವಾರ

ಹೆಡ್‌ಮಿಸ್‌ಗೆ ಎರಡು ಪುಟದ ದೂರು ಬರೆದು ಕೊಟ್ಟು ಬಂದೆ. ಮೂವತ್ತೆಂಟು ಮಕ್ಕಳ ಎದುರು ನಿಲ್ಲಿಸಿ ಪ್ರಶ್ನೆ ಕೇಳಿದರೆ ಯಾವ ಮಗು ಬಾಯಿ ಬಿಡುತ್ತದೆ? ನಾಲ್ಕು ಪಾಠಕ್ಕೂ ಮೂರು ಮೂರು ನಕ್ಷತ್ರ ಕೊಟ್ಟವರೇ ಈಗ ಮಗುವಿಗೆ ತಿಳಿವಳಿಕೆ ಇಲ್ಲ ಅನ್ನುವುದಾದರೆ ಆ ನಕ್ಷತ್ರಕ್ಕೆ ಏನು ಬೆಲೆ? ಇಂಥ ಶಿಕ್ಷಕಿಯ ಕೈಗೆ ಇಂಥ ಪುಸ್ತಕ ಕೊಟ್ಟದ್ದೇ ತಪ್ಪು. ಅವರನ್ನು ಈ ತರಗತಿಯಿಂದ ಬದಲಾಯಿಸಬೇಕು. ಹೀಗೆಲ್ಲ. ಓದಿ ನೋಡಿದರೆ ಒಂದು ಅಕ್ಷರ ತಪ್ಪಿಲ್ಲ. ಬಹಳ ದಿನದ ಮೇಲೆ ನನ್ನ ಓದು ಉಪಯೋಗಕ್ಕೆ ಬಂತು ಅನ್ನಿಸಿತು.

ಇವರಿಗೆ ತೋರಿಸಿದೆ. ಓದಿ ಮಡಚಿ ಕೊಟ್ಟರು. “ಪುಟ ಮಾಡಿದ್ದು ಯಾರು ಅಂತ ಇದ್ರಲ್ಲಿ ಇಲ್ಲ,” ಅಂದರು.

“ಅದು ಇಲ್ಲಿ ಮುಖ್ಯ ಅಲ್ಲ.”

“ಸರಿ,” ಅಂದರು. ಹಾಗೆ ಸರಿ ಅನ್ನುವ ಗಂಡನಿಗಿಂತ ಜಗಳ ಆಡುವ ಗಂಡ ವಾಸಿ.

ಜುಲೈ 21, ಸೋಮವಾರ

ಬರೆಯಬಾರದು ಅಂತ ಇದ್ದೆ.

ಹೆಡ್‌ಮಿಸ್ ಕೋಣೆ. ಅವರು, ವಿಜ್ಞಾನದ ಮಿಸ್, ನಾನು, ಮಡಿಲಲ್ಲಿ ಕೂಸು. ನನ್ನ ದೂರು ಮೇಜಿನ ಮೇಲೆ, ಅದರ ಮೇಲೆ ಗಾಜಿನ ಗುಂಡು. ಮಿಸ್ ಮುಖ ಬಾಡಿತ್ತು. ಅವರನ್ನು ಈಗಾಗಲೇ ಕೇಳಿದ್ದಾರೆ ಅಂತ ಗೊತ್ತಾಯಿತು. ದೊಡ್ಡವಳನ್ನು ಕರೆಸಿದರು.

ಹೆಡ್‌ಮಿಸ್ ಪ್ರೀತಿಯಿಂದಲೇ ಕೇಳಿದರು. ಮೋಡದ ಪುಟ ತೆರೆದು, “ಇದನ್ನ ಯಾರು ಮಾಡಿದ್ದು ಪುಟ್ಟಾ?”

ದೊಡ್ಡವಳು ನನ್ನ ಕಡೆ ನೋಡಲಿಲ್ಲ. “ನಾನೇ,” ಅಂದಳು.

“ನೀನೇನಾ? ಹಾಗಾದ್ರೆ ಈ ಬಾಣ ಯಾಕೆ ಮೇಲಕ್ಕೆ ಹೋಗ್ತಿದೆ, ಹೇಳು.”

ಸುಮ್ಮನೆ.

“ಈ ನಿದ್ದೆಯ ಪುಟ? ನೀನೇನಾ?”

“ನಾನೇ.”

“ಇದರಲ್ಲಿ ಏನು ಬರ್ದಿದೀಯ?”

ಸುಮ್ಮನೆ. ಎಡಗೈಯಿಂದ ಲಂಗದ ಅಂಚನ್ನು ಸುತ್ತುತ್ತಿದ್ದಳು, ಸುತ್ತಿ ಬಿಡುತ್ತಿದ್ದಳು. ಏನು ಬರೆದಿದೆ ಅಂತ ಅವಳು ಓದಿಯೇ ಇಲ್ಲ. ನಾನು ಬರೆದದ್ದನ್ನು ಅವಳು ಯಾಕೆ ಓದುತ್ತಾಳೆ?

ಹೆಡ್‌ಮಿಸ್ ನನ್ನ ಕಡೆ ತಿರುಗಿ, “ನೋಡಿ ಅಮ್ಮಾ, ನೀವು ಬರ್ದಿರೋದು ತರಗತಿ ಮುಂದೆ ಹೆದರ್ತಾಳೆ ಅಂತ. ಇಲ್ಲಿ ನಾವು ನಾಲ್ಕೇ ಜನ. ತಾನೇ ಮಾಡಿದ್ದು ತನಗೇ ಗೊತ್ತಿಲ್ಲ ಅಂದ್ರೆ ಮಗುವಿಗೆ ನೆರವು ಬೇಕು. ಬೇಸರ ಮಾಡ್ಕೋಬೇಡಿ. ಗುರುವಾರ ಬಂದು ಒಪ್ಪಿಗೆಗೆ ಸಹಿ ಹಾಕಿ,” ಅಂದರು. ಪುಸ್ತಕವನ್ನೂ ಕೊಟ್ಟರು, ಗುರುವಾರ ತನ್ನಿ ಅಂತ.

ನಾನು ಕೂಸಿನ ಟೋಪಿ ಸರಿ ಮಾಡಿದೆ. ಎರಡು ಸಲ.

ಹೊರಗೆ ಬಂದ ಮೇಲೂ ನನಗೆ ಕೋಪ ಇತ್ತು. ಮಗುವನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದಕ್ಕೆ ಕೋಪ. ಆ ಗಾಜಿನ ಗುಂಡಿನ ಮೇಲೆ ಕೋಪ. ದೊಡ್ಡವಳು ನನ್ನ ಚೀಲದ ಪಟ್ಟಿ ಹಿಡಿದುಕೊಂಡು ನಡೆಯುತ್ತಿದ್ದಳು. “ನಾನು ಹೇಳಿಲ್ಲ,” ಅಂದಳು, ನನಗೆ ಸಮಾಧಾನ ಮಾಡುವವಳಂತೆ.

ಜುಲೈ 22, ಮಂಗಳವಾರ

ಹಾಲು ಒಡೆದಿದೆ. ಕೂಸಿಗೆ ನೆಗಡಿ.

ಜುಲೈ 23, ಬುಧವಾರ

ಬೆಳಿಗ್ಗೆ ಕೂಸಿನ ಮೂಗಿಗೆ ಬಿಸಿನೀರಿನ ಹಬೆ ತಾಗಿಸುತ್ತಾ ಕೂತಿದ್ದೆ. ದೂರ ಹಿಡಿದು, ಪಾತ್ರೆಯಿಂದ ದೂರ. ಮೇಜಿನ ಮೇಲೆ ಪುಸ್ತಕ ಇತ್ತು. ಅದರ ರಟ್ಟು ಹಬೆಗೆ ಏಳುತ್ತಿದ್ದದ್ದು ಕಣ್ಣಿಗೆ ಬಿತ್ತು. ಗ್ಲೂ ಸ್ಟಿಕ್ ನೀರಿಗೆ ಬಿಡುತ್ತದೆ. ಕೆಮಿಸ್ಟ್ರಿ ಓದಿದವಳಿಗೆ ಅಷ್ಟೂ ಹೊಳೆಯದೆ ಎರಡು ದಿನ ಹೋಗಿತ್ತು.

ಕೂಸನ್ನು ಮಲಗಿಸಿ, ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕುದಿಸಿ, ನೆರಳಿನ ಪುಟ ಹಿಡಿದೆ. ಅವಸರ ಮಾಡಿದೆ, ಮೂಲೆ ಹರಿಯಿತು, ಆರು ಬೆರಳಿನ ಕಾಲಿನಲ್ಲಿ ಎರಡು ಬೆರಳು ನನ್ನ ಬಿಳಿ ಕಾಗದದ ಜೊತೆಗೆ ಬಂದುಬಿಟ್ಟವು. ಎರಡನೆಯದಕ್ಕೆ ತಾಳ್ಮೆಯಿಂದ ಹಿಡಿದೆ. ಒಂದು ಅಂಚಿನಿಂದ, ಮೂವತ್ತು ಎಣಿಸಿ, ಬೆಣ್ಣೆ ಹಚ್ಚುವ ಮೊಂಡು ಚಾಕು ತೂರಿಸಿ, ಮತ್ತೆ ಮೂವತ್ತು. ಸಮುದ್ರ, ಮೋಡ, ಬಾಣ ಎಲ್ಲ ಒಂದೇ ಹಾಳೆಯಾಗಿ ಕಳಚಿಕೊಂಡಿತು. ಕೆಳಗೆ ಲಂಗೋಟಿಗಳು. ಪೆನ್ಸಿಲ್ ಅಲ್ಲವೆ, ಒಂದಿಷ್ಟೂ ಅಳಿಸಿರಲಿಲ್ಲ.

ಓದಿದೆ. ಮೊದಲ ಸಲ ಓದುತ್ತಿದ್ದೇನೆ ಅನ್ನಿಸಿತು. ತೆಳ್ಳಗಿನ ಬಟ್ಟೆ, ದಪ್ಪ ಬಟ್ಟೆ, ಒಂದೇ ತಂತಿ, ಒಂದೇ ಬಿಸಿಲು, ಬೇರೆ ಬೇರೆ ಹೊತ್ತು. ರೀಡಿಂಗ್ ಎಲ್ಲ ನಿಜವಾದದ್ದು. ಸಿಗದ ರೀಡಿಂಗ್ ಸಿಗಲಿಲ್ಲ ಅಂತಲೇ ಬರೆದಿದ್ದಾಳೆ, ಮಲಗಿಬಿಟ್ಟೆ ಅಂತ. ಮೂರು ವರ್ಷ ಕಾಲೇಜಿನಲ್ಲಿ ನಾನು ಇಂಥ ಒಂದು ಸಾಲು ಬರೆದಿಲ್ಲ.

ಜಿರಾಫೆಯ ಪುಟ ಬಹಳ ಹೊತ್ತು ಬಿಡಲಿಲ್ಲ. ಮೂಲೆ ಮೂಲೆಗೂ ಹಚ್ಚಿದ್ದೆನಲ್ಲ.

ದೊಡ್ಡವಳು ಶಾಲೆಯಿಂದ ಬಂದಾಗ ಮೂರು ಪುಟವೂ ಉಬ್ಬಿಕೊಂಡು ಕಿಟಕಿಯ ಬಿಸಿಲಲ್ಲಿ ಒಣಗುತ್ತಿದ್ದವು. ಚೀಲ ಕೆಳಗಿಡದೆ ನಿಂತು ನೋಡಿದಳು.

“ನಿನ್ನ ಪುಟದ ಮೇಲೆ ನಾನು ಅಂಟಿಸಬಾರದಿತ್ತು,” ಅಂದೆ. ಇಷ್ಟು ಹೇಳಲಿಕ್ಕೆ ಬೆಳಿಗ್ಗೆಯಿಂದ ಅಭ್ಯಾಸ ಮಾಡಿದ್ದೆ.

“ನಂದು ಒಳಗೆ ಇದೆ ಅಂತ ಗೊತ್ತಿತ್ತು. ಕೈಯಲ್ಲಿ ಮುಟ್ಟಿದ್ರೆ ಗೊತ್ತಾಗುತ್ತೆ. ಜೋರಾಗಿ ಒತ್ತಿ ಬರ್ದಿದ್ನಲ್ಲ.”

“ಹೆಡ್‌ಮಿಸ್ ಕೇಳಿದಾಗ ಯಾಕೆ ನಾನೇ ಅಂದೆ?”

“ಒಳಗಿರೋದು ನಾನೇ ಮಾಡಿದ್ದು.” ಆಮೇಲೆ ಚೀಲ ಕೆಳಗಿಟ್ಟು, “ನಿಂಗೆ ಬೈತಾರೆ ಅಂತ.”

ಎಂಟು ವರ್ಷದವಳು ನನ್ನನ್ನು ಕಾಪಾಡಲು ಹೋಗಿ ಗೋಡೌನಿಗೆ ಹೊರಟಿದ್ದಳು. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು ಅಂತ ಈ ಡೈರಿಯಲ್ಲಿ ಬರೆದುಕೊಂಡು ಬಂದ ಪಟ್ಟಿ ಉದ್ದ ಇದೆ. ಒಂದು ಹೆಸರು ಬಿಟ್ಟುಹೋಗಿದೆ.

ಜುಲೈ 24, ಗುರುವಾರ

ಹೆಡ್‌ಮಿಸ್ ಹನ್ನೊಂದಕ್ಕೆ ಬರುತ್ತಾರೆ ಅಂದರು ಆಫೀಸಿನಲ್ಲಿ. ಅದಕ್ಕೆ ಮೊದಲು ಮಿಸ್‌ ಹತ್ತಿರ ಹೋದೆ. ಖಾಲಿ ತರಗತಿಯಲ್ಲಿ ಉಳಿದ ಮೂವತ್ತೇಳು ಪುಸ್ತಕದ ಎರಡು ಗುಡ್ಡೆ ಮಾಡಿಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಪಾಪ, ಇನ್ನೊಂದು ದೂರು ತಂದಿದ್ದೇನೆ ಅಂದುಕೊಂಡಿರಬೇಕು.

ಪುಸ್ತಕ ತೆರೆದಿಟ್ಟೆ. “ಇದು ಅವಳದು. ಇದರ ಮೇಲೆ ಇದ್ದದ್ದು ನನ್ನದು,” ಅಂದೆ. ಕಳಚಿದ ಹಾಳೆಗಳನ್ನೂ ಇಟ್ಟೆ.

ನಿಧಾನವಾಗಿ ಓದಿದರು. ಲಂಗೋಟಿಯ ಪುಟದಲ್ಲಿ ಅವರ ಬೆರಳು ಒಂದೊಂದು ಗಂಟೆಯ ಮೇಲೂ ನಿಂತು ಮುಂದಕ್ಕೆ ಹೋಯಿತು. ಜಿರಾಫೆಯ ಹತ್ತಿರ ಬಂದು ನನ್ನ ಮುಖ ನೋಡಿದರು, ಮತ್ತೆ ಚಿತ್ರ ನೋಡಿದರು.

“ಜಿರಾಫೆ ಅಂತ ನಾನು ಒಂದೇ ಸಲ ಹೇಳಿದ್ದು, ಪಾಠದ ಕೊನೇಲಿ, ಬೆಲ್ ಆಗ್ತಿರೋವಾಗ,” ಅಂದರು. ಆಮೇಲೆ ಪುಸ್ತಕ ಮುಚ್ಚಿದರು. “ನಿಮ್ಮ ಮೇಲೆ ನಂಗೆ ಬಹಳ ಕೋಪ ಬಂದಿದೆ. ಹೇಳಿಬಿಡ್ತೀನಿ, ಇಲ್ಲಾಂದ್ರೆ ಒಳಗೇ ಇರುತ್ತೆ. ನಾಲ್ಕು ದಿನದಿಂದ ನಾನು ಊಟ ಸರಿಯಾಗಿ ಮಾಡಿಲ್ಲ. ನನ್ನ ಕೆಲಸ ಹೋಗುತ್ತೆ ಅಂದ್ಕೊಂಡಿದ್ದೆ. ಅದು ಹಾಳಾಗಲಿ. ಈ ಪುಟಾನ ನಾನು ನೋಡಬೇಕಿತ್ತು. ಇದು ನಂಗೆ ಬರ್ದಿದ್ದು.”

ತಲೆ ತಗ್ಗಿಸಿ ಕೇಳಿಕೊಂಡೆ. ಆದರೆ ಬಾಯಿ ಸುಮ್ಮನಿರಬೇಕಲ್ಲ. “ಮೂರು ನಕ್ಷತ್ರ ಕೊಟ್ಟವರು ನೀವೇ ಅಲ್ವಾ ಮಿಸ್? ಅಂದವಾಗಿದೆ ಅಂತ ಬರೆದವರು?”

ಅವರು ಗುಡ್ಡೆಯಿಂದ ಒಂದು ಪುಸ್ತಕ ತೆಗೆದು, ಎಡಗಡೆಯ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೊಂದು. ಮತ್ತೊಂದು. ಬೆಳಕಿನಲ್ಲಿ ಅಂದದ ಚಿತ್ರದ ಹಿಂದೆ ಬೇರೆ ಗೆರೆಗಳು ಕಾಣುತ್ತಿದ್ದವು. ಮೂರನೆಯದು ಗ್ಲಿಟರಿನದು.

“ಹೋಗೋಣ ಬನ್ನಿ,” ಅಂದರು. “ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ.”

ಹೇಳಿದೆ. ದೂರು ವಾಪಸ್ಸು ತೆಗೆದುಕೊಂಡೆ, ಹಾಗಂತ ಬರೆದು ಸಹಿ ಹಾಕಿಸಿಕೊಂಡರು. ಹೆಡ್‌ಮಿಸ್ ದೊಡ್ಡವಳನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು: “ಟವೆಲ್ಲು ಕೊನೆಗೂ ಎಷ್ಟಕ್ಕೆ ಒಣಗ್ತು?”

“ಗೊತ್ತಿಲ್ಲ ಮಿಸ್. ಇನ್ನೊಂದು ಸಲ ಒಗೀಬೇಕು. ಆದ್ರೆ ಮೋಡ ಇರೋ ದಿನ ಒಗೆದ್ರೆ ಲೆಕ್ಕಕ್ಕೆ ಬರಲ್ಲ, ಯಾಕಂದ್ರೆ ಲಂಗೋಟಿಗಳು ಬಿಸಿಲಿನ ದಿನದ್ದು.” ನಿಲ್ಲಿಸಲೇ ಇಲ್ಲ. ಹಿಂಡಿದ ಬಟ್ಟೆ, ಹಿಂಡದ ಬಟ್ಟೆ, ತಂತಿಯ ತುದಿ, ತಂತಿಯ ಮಧ್ಯೆ. ಹೆಡ್‌ಮಿಸ್ ಕೊನೆಗೆ ಒಪ್ಪಿಗೆಯ ಕಾಗದವನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಇವಳು ಅದನ್ನೂ ನೋಡದೆ ಮಾತಾಡುತ್ತಿದ್ದಳು.

ಜುಲೈ 25, ಶುಕ್ರವಾರ

ಎದ್ದಾಗ ಏಳೂವರೆ. ಯಾರೂ ಎಬ್ಬಿಸಿಲ್ಲ. ಕೂಸು ಇವರ ಹೆಗಲ ಮೇಲೆ, ಒಲೆಯ ಮೇಲೆಲ್ಲ ಉಕ್ಕಿದ ಹಾಲು, ದೊಡ್ಡವಳು ಇಸ್ತ್ರಿ ಇಲ್ಲದ ಲಂಗದಲ್ಲಿ ಹೋಗಿದ್ದಾಳೆ. ಒಂದು ದಿನ ನಾನಿಲ್ಲದಿದ್ದರೆ ಈ ಮನೆ ನೋಡುವ ಹಾಗಿರುವುದಿಲ್ಲ. ಒಲೆ ಉಜ್ಜಲಿಕ್ಕೆ ಮುಕ್ಕಾಲು ಗಂಟೆ ಬೇಕಾಯಿತು.

ಆಗಸ್ಟ್ 1, ಶುಕ್ರವಾರ

ಶಾಲೆಯಿಂದ ಹೊಸ ನಿಯಮ. ಇನ್ನು ಮೇಲೆ ಪ್ರತಿ ಎಡಗಡೆಯ ಪುಟದ ಕೆಳಗೆ ಒಂದು ಅಚ್ಚಾದ ಚೀಟಿ: ‘ಇದು ನನ್ನ ಮಗುವಿನ ಸ್ವಂತ ಕೆಲಸ. ನಾನು ನೋಡಿದ್ದೇನೆ.’ ಪೋಷಕರ ಸಹಿ. ನಕ್ಷತ್ರ ರದ್ದು. ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿದ್ದಿದೆ.

ಗ್ಲಿಟರಮ್ಮ ನೇರ ಫೋನೇ ಮಾಡಿದಳು. “ನೋಡಿ ಕಣ್ರೀ, ಯಾವಳೋ ಏನೋ ಮಾಡ್ಕೊಂಡಿದ್ದಾಳೆ, ಅದಕ್ಕೆ ನಾವೆಲ್ಲ ಕಳ್ಳರ ಹಾಗೆ ಸಹಿ ಹಾಕ್ಬೇಕಂತೆ. ಯಾರಂತೆ, ನಿಮಗೇನಾದ್ರೂ ಗೊತ್ತಾಯ್ತಾ?”

“ನಾನೇ ಕಣ್ರೀ.”

ಫೋನ್ ಕಟ್ಟಾಯಿತು ಅಂದುಕೊಂಡೆ. ಆಮೇಲೆ ಮೆಲ್ಲಗೆ, “ಹಬೆಗೆ ಹಿಡಿದ್ರಂತೆ ಅಂತ ಯಾರೋ ಅಂದ್ರು. ಎಷ್ಟು ಹೊತ್ತು ಹಿಡೀಬೇಕು?”

“ಒಂದು ಅಂಚಿಂದ ಶುರು ಮಾಡಿ. ಮೂವತ್ತು ಎಣಿಸಿ.”

“ಗ್ಲಿಟರ್ ಇದ್ರೆ?”

“ಅದು ನಂಗೆ ಗೊತ್ತಿಲ್ಲ,” ಅಂದೆ. ಅದಕ್ಕೂ ನಾನೇ ಉತ್ತರ ಕೊಡಬೇಕೆ?

ದೊಡ್ಡವಳು ಶಾಲೆಯಿಂದ ಬಂದವಳೇ ಪುಸ್ತಕ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಏನು ಪಾಠ ಅಂತ ಕೇಳಿದೆ, ಗಾಜಿನ ಆ ಕಡೆಯಿಂದ ತಲೆ ಅಲ್ಲಾಡಿಸಿದಳು. ಬಾಗಿಲಿಗೆ ಚಿಲಕವಿಲ್ಲ, ತಳ್ಳಿದರೆ ತೆರೆಯುತ್ತದೆ. ನಾನು ಬಟ್ಟೆ ಮಡಚಿದೆ. ಕೂಸಿನ ಉಗುರು ತೆಗೆದೆ. ಮಡಚಿದ್ದನ್ನೇ ಇನ್ನೊಮ್ಮೆ ಮಡಚಿದೆ. ಒಂದು ಗಂಟೆಯಾಯಿತು. ಒಳಗೆ ಕತ್ತರಿಯ ಸದ್ದು, ಒಂದು ಸಲ ಅವಳೊಬ್ಬಳೇ ನಕ್ಕ ಸದ್ದು.

ಹೊರಗೆ ಬಂದಾಗ ಎಡಗಡೆಯ ಪುಟವನ್ನು ಪೂರ್ತಿ ಟವೆಲ್ಲಿನಿಂದ ಮುಚ್ಚಿಕೊಂಡಿದ್ದಳು. ಕೆಳಗಿನ ಚೀಟಿ ಮಾತ್ರ ಕಾಣುವ ಹಾಗೆ.

“ಸಹಿ ಹಾಕು. ನೋಡಬೇಡ.”

“ನೋಡಿದ್ದೇನೆ ಅಂತ ಇದೆಯಲ್ಲೇ ಇದರಲ್ಲಿ.”

“ಇರಲಿ. ಹಾಕು.”

“ನೋಡ್ದೆ ಹಾಕಿದ್ರೆ ಸುಳ್ಳಾಗಲ್ವಾ?”

ಅವಳು ಟವೆಲ್ಲು ತೆಗೆಯಲಿಲ್ಲ. ಎರಡೂ ಕೈ ಅದರ ಮೇಲೆ ಒತ್ತಿ ಇಟ್ಟುಕೊಂಡು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಒಂಬತ್ತು ತಿಂಗಳು ಹೊತ್ತವಳು ನಾನು. ಜ್ವರ ಬಂದಾಗ ಮೂರು ದಿನ ನೆಲದ ಮೇಲೆ ಕೂತವಳು ನಾನು. ನನಗೆ ತೋರಿಸಲಿಕ್ಕಿಲ್ಲವಂತೆ, ಮೂವತ್ತೆಂಟು ಮಕ್ಕಳ ಆ ಮಿಸ್‌ಗೆ ತೋರಿಸಬಹುದಂತೆ. ಹೊಟ್ಟೆ ಉರಿಯಿತು, ಇಲ್ಲ ಅನ್ನುವುದಿಲ್ಲ.

‘ನೋಡಿದ್ದೇನೆ’ ಅನ್ನುವುದನ್ನು ಹೊಡೆದು ಹಾಕಿ, ಮೇಲೆ ‘ನೋಡಿಲ್ಲ’ ಅಂತ ಬರೆದೆ. ಮೊದಲನೆಯ ಸಾಲನ್ನು ಹಾಗೇ ಬಿಟ್ಟು, ಕೆಳಗೆ ಸಹಿ ಹಾಕಿದೆ.